ಹೊಸಿಲು, ಬಚ್ಚಲು, ಡೈರಿಯ ದಾರಿ: ವಾಕರ್ ಹಿಡಿದವರಿಗೆ ಧೈರ್ಯ ಮರಳುವ ಬಗೆ

ಪ್ರಶ್ನೆ: ನನಗೆ 66 ವರ್ಷ. ಚಿಂತಾಮಣಿ ತಾಲ್ಲೂಕಿನ ಹಳ್ಳಿ ನಮ್ಮದು. ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗಡೆ ಸೊಂಟದ ಕೀಲು ಮುರಿಯಿತು. ಆಪರೇಷನ್ ಮಾಡಿ ಕೀಲಿಗೆ ಕೃತಕ ಬಾಲ್ ಹಾಕಿದ್ದಾರೆ. ಎಕ್ಸ್‌ರೇ ಸರಿಯಿದೆ, ಪೂರ್ತಿ ಭಾರ ಹಾಕಿ ನಡೆಯಿರಿ ಅಂದಿದ್ದಾರೆ. ವಾಕರ್ ಹಿಡಿದು ನಡುಮನೆಯಲ್ಲಿ ಓಡಾಡುತ್ತೇನೆ. ಹೊಸಿಲು ಬಂದರೆ ಮಾತ್ರ ಕೈಕಾಲು ನಡುಗುತ್ತವೆ. ಸೊಸೆ ಜೊತೆಗಿಲ್ಲದೆ ಬಚ್ಚಲಿಗೆ ಹೋಗುವುದಿಲ್ಲ. ಮೊದಲು ಎರಡು ಹೊತ್ತೂ ನಾನೇ ಡೈರಿಗೆ ಹಾಲು ಹಾಕಿ ಬರುತ್ತಿದ್ದೆ, ಮನೆಯಿಂದ ಇನ್ನೂರು ಮೀಟರ್ ಇರಬಹುದು. ಈಗ ಬೀದಿಗೆ ಇಳಿಯಲು ಹೆದರಿಕೆ, ಜನ ನೋಡುತ್ತಾರೆ ಅಂತ ನಾಚಿಕೆ. ಮೊದಲಿನ ಧೈರ್ಯ ಬರುತ್ತದೆಯೇ?

ಉತ್ತರ: ಅಮ್ಮಾ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನಡುಮನೆಯಲ್ಲಿ ಆರಾಮಾಗಿ ಓಡಾಡುತ್ತೀರಿ. ಹೊಸಿಲು, ಬಚ್ಚಲು, ಬೀದಿ, ಈ ಮೂರು ಕಡೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಹಾಗಾದರೆ ನಿಮ್ಮ ಹೆದರಿಕೆಗೆ ಒಂದು ಜಾಗ ಇದೆ, ಆ ಜಾಗದಲ್ಲಿ ಅದಕ್ಕೊಂದು ಕಾರಣವೂ ಇದೆ. ಆಸ್ಪತ್ರೆಯಲ್ಲಿ ವಾಕರ್ ನಡಿಗೆ ಕಲಿಸುವುದು ಸಮತಟ್ಟಾದ ಉದ್ದನೆಯ ವರಾಂಡದಲ್ಲಿ. ಅಲ್ಲಿ ಹೊಸಿಲಿಲ್ಲ, ಒದ್ದೆ ಕಡಪ ಕಲ್ಲಿಲ್ಲ, ಚರಂಡಿ ಮೇಲಿನ ಚಪ್ಪಡಿಯೂ ಇಲ್ಲ. ಮನೆಗೆ ಬಂದ ಮೇಲೆ ನಡುಮನೆಯಲ್ಲೇ ನೂರು ಸುತ್ತು ಹಾಕಿದರೆ ಕಾಲಿಗೆ ಬಲ ಬರುತ್ತದೆ, ಹೊಸಿಲಿನ ಹೆದರಿಕೆ ಹೋಗುವುದಿಲ್ಲ. ಹೊಸಿಲಿನ ಹೆದರಿಕೆ ಹೊಸಿಲಲ್ಲೇ ಹೋಗಬೇಕು.

ಅದಕ್ಕೂ ಮೊದಲು ವಾಕರನ್ನೇ ಒಮ್ಮೆ ನೋಡಿಬಿಡಿ. ಎಷ್ಟೋ ಮನೆಗಳಲ್ಲಿ ಅಂಗಡಿಯಿಂದ ತಂದ ಎತ್ತರದಲ್ಲೇ ಅದು ಉಳಿದಿರುತ್ತದೆ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಇಳಿಬಿಟ್ಟು ವಾಕರ್ ಒಳಗೆ ನಿಲ್ಲಿ. ಬಳೆ ತೊಡುವ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಹಿಡಿಕೆ ಅಲ್ಲಿಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, 20ರಿಂದ 30 ಡಿಗ್ರಿಯಷ್ಟು. ಹಿಡಿಕೆ ಎತ್ತರವಾದರೆ ಹೆಗಲು ಮೇಲೇರುತ್ತದೆ, ಕೈಯಿಂದ ಕೆಳಕ್ಕೆ ಒತ್ತುವ ಬಲ ಸಿಗುವುದಿಲ್ಲ. ತಗ್ಗಾದರೆ ಬೆನ್ನು ಬಾಗುತ್ತದೆ, ದೇಹದ ಭಾರ ಮುಂದಕ್ಕೆ ವಾಲಿ ಮುಗ್ಗರಿಸುವ ಹಾಗಾಗುತ್ತದೆ. ಪ್ರತಿ ಕಾಲಿನಲ್ಲೂ ಒಂದು ಗುಂಡಿ, ಸಾಲಾಗಿ ತೂತುಗಳು ಇರುತ್ತವೆ. ಮೊಮ್ಮಗನ ಕೈಲಿ ನಾಲ್ಕೂ ಕಾಲಿನ ತೂತು ಎಣಿಸಿ. ಒಂದು ಕಾಲು ಒಂದು ತೂತು ಆಚೀಚೆ ಆದರೂ ವಾಕರ್ ಕುಂಟುತ್ತದೆ, ಆ ಅಲುಗಾಟವನ್ನು ನೀವು ನಿಮ್ಮ ಕಾಲಿನ ನಡುಕ ಅಂದುಕೊಳ್ಳುತ್ತೀರಿ. ಗುಂಡಿ ಟಕ್ ಅಂತ ಪೂರ್ತಿ ಹೊರಗೆ ಬಂದಿದೆಯೇ ಎಂದು ಬೆರಳಿಟ್ಟು ನೋಡಬೇಕು.

ಆಮೇಲೆ ವಾಕರ್ ತಲೆಕೆಳಗು ಮಾಡಿ ರಬ್ಬರ್ ಬುಡ ನೋಡಿ. ಹೊಸದರಲ್ಲಿ ಅಡಿಯಲ್ಲಿ ಉಂಗುರ ಉಂಗುರವಾಗಿ ಗೀರು ಇರುತ್ತವೆ. ಅವು ಸವೆದು ನುಣುಪಾಗಿದ್ದರೆ, ಒಂದು ಪಕ್ಕಕ್ಕೆ ತೇಯ್ದಿದ್ದರೆ, ಒಳಗಿನ ಅಲ್ಯೂಮಿನಿಯಂ ಕೊಳವೆ ಕಾಣುತ್ತಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಕೊಳವೆಯ ದಪ್ಪ ಬೇರೆ ಬೇರೆ ಇರುವುದರಿಂದ ಮೆಡಿಕಲ್ ಅಂಗಡಿಗೆ ಹೋಗುವಾಗ ಹಳೆಯ ಬುಡ ಒಂದನ್ನು ಜೊತೆಗೆ ಒಯ್ಯಬೇಕು. ಕೊಟ್ಟಿಗೆ, ಅಂಗಳದಲ್ಲಿ ಓಡಾಡಿದ ಮೇಲೆ ಗೀರುಗಳಲ್ಲಿ ಸಗಣಿ, ಮರಳು ಕಚ್ಚಿಕೊಂಡಿರುತ್ತದೆ. ಹಾಗೇ ಒಳಗೆ ಬಂದರೆ ಟೈಲ್ಸ್ ಮೇಲೆ ಜಾರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಬನ್ನಿ.

ನಡಿಗೆಯ ಕ್ರಮ ನಿಮಗೆ ಗೊತ್ತಿರಬಹುದು, ಆದರೂ ಒಂದು ಸಲ. ವಾಕರ್ ಮುಂದಕ್ಕೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾಲ್ಕೂ ಬುಡ ನೆಲ ಮುಟ್ಟಿದ ಮೇಲೆ ಕೈಯನ್ನು ಕೆಳಕ್ಕೆ ಒತ್ತಿ ಬಲಗಾಲು, ಅಂದರೆ ಆಪರೇಷನ್ ಆದ ಕಾಲು. ಆಮೇಲೆ ಎಡಗಾಲು. ತಪ್ಪಾಗುವುದು ಎರಡು ಕಡೆ. ವಾಕರನ್ನು ಬಹಳ ದೂರ ಇಟ್ಟರೆ ಬಾಗಬೇಕಾಗುತ್ತದೆ. ಮುಂದಿನ ಅಡ್ಡಪಟ್ಟಿಗೆ ಹೊಟ್ಟೆ ತಾಗುವಷ್ಟು ಒಳಗೆ ಹೋದರೆ ಹಿಂದಕ್ಕೆ ಬೀಳುವ ಅಪಾಯ. ಕಾಲು ಯಾವಾಗಲೂ ವಾಕರಿನ ಹಿಂದಿನ ಎರಡು ಕಾಲುಗಳ ನಡುವೆ ಬರಲಿ. ಹೆದರಿಕೆ ಇದ್ದಾಗ ಜನ ಅವಸರ ಮಾಡುತ್ತಾರೆ, ವಾಕರ್ ಗಾಳಿಯಲ್ಲಿರುವಾಗಲೇ ಕಾಲು ಎತ್ತಿಬಿಡುತ್ತಾರೆ. ಆ ಗಳಿಗೆಯಲ್ಲಿ ನಿಮಗೆ ವಾಕರಿನ ಆಸರೆಯೂ ಇರುವುದಿಲ್ಲ, ಎರಡನೇ ಕಾಲಿನ ಆಸರೆಯೂ ಇರುವುದಿಲ್ಲ.

ಈಗ ಹೊಸಿಲು. ಇಲ್ಲಿ ಎಡವಟ್ಟಾಗುವುದು ಒಂದೇ ಕಾರಣಕ್ಕೆ: ವಾಕರಿನ ಮುಂದಿನ ಎರಡು ಕಾಲು ಹೊಸಿಲಿನ ಆಚೆ, ಹಿಂದಿನ ಎರಡು ಕಾಲು ಈಚೆ. ನೋಡಲು ಭದ್ರವಾಗಿ ನಿಂತ ಹಾಗೇ ಕಾಣುತ್ತದೆ. ಮುಂದಿನ ಹೆಜ್ಜೆಗೆ ವಾಕರ್ ತಳ್ಳಿದಾಗ ಹಿಂದಿನ ಕಾಲು ಹೊಸಿಲಿಗೆ ಬಡಿದು ವಾಕರ್ ಗಕ್ಕನೆ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಒಂದೆರಡು ಸಲ ಹೀಗಾದರೆ ಸಾಕು, ಹೊಸಿಲು ಕಂಡರೇ ಕೈ ನಡುಗುವುದು ಶುರುವಾಗುತ್ತದೆ. ಸರಿಯಾದ ಕ್ರಮ ಹೀಗೆ. ಹೊಸಿಲಿಗೆ ಮೂರು ಬೆರಳು ದೂರದಲ್ಲಿ ಕಾಲ್ಬೆರಳು ಬರುವಷ್ಟು ಹತ್ತಿರ ಹೋಗಿ ಎರಡೂ ಕಾಲು ಜೋಡಿಸಿ ನಿಲ್ಲಿ. ಉಸಿರು ಬಿಡಿ. ವಾಕರನ್ನು ಎತ್ತಿ ನಾಲ್ಕೂ ಕಾಲು ಹೊಸಿಲಿನ ಆಚೆಗೆ ಇಡಿ, ಹಿಂದಿನ ಬುಡಗಳಿಗೂ ಹೊಸಿಲಿಗೂ ನಡುವೆ ಎರಡು ಬೆರಳು ಜಾಗ ಇರಲಿ. ಒಮ್ಮೆ ಒತ್ತಿ ನೋಡಿ, ಅಲುಗದಿದ್ದರೆ ಬಲಗಾಲು ದಾಟಿಸಿ, ಅದು ಪೂರ್ತಿ ಊರಿದ ಮೇಲೆ ಎಡಗಾಲು. ಹೊಸಿಲು ತುಳಿಯಬಾರದು ಅಂತ ನೀವು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದದ್ದು ಇಲ್ಲಿ ಒಳ್ಳೆಯದೇ ಆಯಿತು. ಅದರ ಮೇಲೆ ಕಾಲಾಗಲಿ ವಾಕರಿನ ಬುಡವಾಗಲಿ ಇಡಲೇಬಾರದು, ಅರಿಸಿನ ಕುಂಕುಮ ಹಚ್ಚಿದ ಒದ್ದೆ ಮರ ಎಣ್ಣೆ ಸವರಿದಂತೆ ಜಾರುತ್ತದೆ.

ಒಳಗಿನ ನೆಲ ಎತ್ತರ, ಹೊರಗಿನದು ತಗ್ಗು ಇದ್ದರೆ ಲೆಕ್ಕ ಸ್ವಲ್ಪ ಬೇರೆ. ಇಳಿಯುವಾಗ ವಾಕರ್, ನೋವಿನ ಕಾಲು, ಗಟ್ಟಿ ಕಾಲು. ಹತ್ತುವಾಗ ವಾಕರ್, ಗಟ್ಟಿ ಕಾಲು, ನೋವಿನ ಕಾಲು. ಇಳಿಸುವುದಾಗಲಿ ಎತ್ತುವುದಾಗಲಿ ದೇಹದ ಪೂರ್ತಿ ಭಾರ ಹೊರುವ ಕೆಲಸ ಗಟ್ಟಿ ಕಾಲಿನದು, ಅದಕ್ಕೇ ಈ ಕ್ರಮ.

ನೇರ ಹೊಸಿಲಿಗೇ ಹೋಗಿ ಅಭ್ಯಾಸ ಮಾಡಬೇಕಿಲ್ಲ. ನಡುಮನೆಯಲ್ಲಿ ಸೀಮೆಸುಣ್ಣದಿಂದ ಐದು ಇಂಚು ಅಂತರದಲ್ಲಿ ಎರಡು ಗೆರೆ ಎಳೆಸಿ, ಅದೇ ಹೊಸಿಲು ಅಂದುಕೊಂಡು ದಿನಕ್ಕೆ ಐದು ಸಲ ದಾಟಿ. ರಂಗೋಲಿ ಪುಡಿಯಲ್ಲಿ ಎಳೆಯಬೇಡಿ, ಅದೇ ಜಾರಿಸುತ್ತದೆ. ಮೂರು ನಾಲ್ಕು ದಿನಕ್ಕೆ ಕೈಗೆ ಅಳತೆ ಹತ್ತುತ್ತದೆ. ಆಮೇಲೆ ನಿಜವಾದ ಹೊಸಿಲು, ಸೊಸೆ ಬಲಗಡೆ ಒಂದು ಹೆಜ್ಜೆ ಹಿಂದೆ ನಿಂತಿರಲಿ. ಹೊಸಿಲಿನ ಬುಡದಲ್ಲಿ ಹಳೆ ಸೀರೆ ಮಡಚಿ ಕಾಲೊರಸು ಹಾಕಿದ್ದರೆ ಇವತ್ತೇ ತೆಗೆಸಿಬಿಡಿ. ವಾಕರಿಗೆ ಅದರಷ್ಟು ಅಪಾಯದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಸಾರಿಸಿದ ಮೇಲೆ ಒಣಗುವ ತನಕ ಆ ಕಡೆ ಹೋಗಬೇಡಿ.

ಸೊಸೆಗೂ ಒಂದು ಮಾತು. ನೀವು ಕಾಲೆತ್ತಿದ ಹೊತ್ತಿಗೇ "ಹುಷಾರು, ಹುಷಾರು!" ಎಂದು ಕೂಗುವುದು ಪ್ರೀತಿಯಿಂದಲೇ ಇರಬಹುದು, ಆದರೆ ಆ ಕೂಗಿಗೆ ಮೈ ಬಿಗಿಯಾಗುತ್ತದೆ, ಕಣ್ಣು ಅವರ ಕಡೆ ತಿರುಗುತ್ತದೆ. ಹೇಳುವುದಿದ್ದರೆ ಹೆಜ್ಜೆ ಇಡುವ ಮೊದಲೇ ಹೇಳಲಿ. ರಟ್ಟೆ ಹಿಡಿದು ಎಳೆಯಬಾರದು, ಎಳೆದರೆ ಆ ಕಡೆಯ ಕೈ ವಾಕರಿನಿಂದ ಬಿಡುತ್ತದೆ. ಸೀರೆಯ ಮೇಲೆ ಸೊಂಟಕ್ಕೆ ಅಗಲವಾದ ಗಟ್ಟಿ ಬಟ್ಟೆಯ ಪಟ್ಟಿ ಕಟ್ಟಿ, ಹಿಂದಿನಿಂದ ಅದನ್ನು ಹಿಡಿದುಕೊಂಡರೆ ಸಾಕು. ಸೀರೆಯ ನೆರಿಗೆ ಹರಡಿಗಿಂತ ನಾಲ್ಕು ಬೆರಳು ಮೇಲಿರಬೇಕು. ಮನೆಯೊಳಗೆ ಹಾಕಲು ಹಿಮ್ಮಡಿಗೆ ಪಟ್ಟಿ ಇರುವ ಬೇರೆ ಚಪ್ಪಲಿ ಒಂದು ಜೊತೆ ಇಟ್ಟುಕೊಳ್ಳಿ. ಹವಾಯಿ ಚಪ್ಪಲಿ ಬೇಡ.

ಬಚ್ಚಲಿನ ಹೆದರಿಕೆ ಬೇರೆ ಜಾತಿಯದು. ಅದು ಸುಳ್ಳು ಹೆದರಿಕೆ ಅಲ್ಲ, ಮನೆಯಲ್ಲಿ ನಿಜವಾಗಿ ಅಪಾಯ ಇರುವ ಜಾಗ ಅದೇ. ಆದ್ದರಿಂದ ಇಲ್ಲಿ ಅಭ್ಯಾಸಕ್ಕಿಂತ ಮೊದಲು ಬಚ್ಚಲನ್ನೇ ಬದಲಿಸಬೇಕು. ಮೊದಲು ಬಾಗಿಲಿನ ಅಗಲ ಅಳೆಯಿರಿ. ವಾಕರ್ ಸುಮಾರು 22ರಿಂದ 25 ಇಂಚು ಅಗಲ ಇರುತ್ತದೆ, ಹಳೆಯ ಬಚ್ಚಲ ಬಾಗಿಲು 24 ಇಂಚಿನದೂ ಇರುತ್ತದೆ. ನೇರ ಹೋಗದಿದ್ದರೆ ಬಾಗಿಲ ಮುಂದೆ ಪಕ್ಕಕ್ಕೆ ತಿರುಗಿ, ವಾಕರನ್ನು ಅಡ್ಡಲಾಗಿ ಸ್ವಲ್ಪ ಸರಿಸಿ, ಪಕ್ಕದ ಹೆಜ್ಜೆ ಹಾಕುತ್ತಾ ಹೋಗಬೇಕು. ವಾಕರ್ ಮಡಚಿ ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಹೋಗುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ನಿಮಗೆ ಬಾಲ್ ಹಾಕಿರುವುದರಿಂದ ಮಣೆಯ ಮೇಲೆ ಕೂತು ಸ್ನಾನ ಮಾಡುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಆಪರೇಷನ್ ಮಾಡಿದ ಡಾಕ್ಟರು ಬಾಯಿಬಿಟ್ಟು ಅನುಮತಿ ಕೊಡುವ ತನಕ ಬೇಡ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಹಾಕಿದ ಬಾಲ್ ಗೂಡಿನಿಂದ ಜಾರುವ ಸಾಧ್ಯತೆ ಇದೆ. ಕೂರುವ ಜಾಗ ನಿಮ್ಮ ಮಂಡಿಯ ಹಿಂಭಾಗದ ಎತ್ತರಕ್ಕಿಂತ ಸ್ವಲ್ಪ ಮೇಲಿರಬೇಕು, ಹೆಚ್ಚಿನವರಿಗೆ 18ರಿಂದ 20 ಇಂಚು. ಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿ ಇದಕ್ಕೆ ತಗ್ಗು, ಮೇಲಾಗಿ ಒದ್ದೆ ನೆಲದಲ್ಲಿ ಅದರ ಕಾಲು ಅಗಲಕ್ಕೆ ಜಾರುತ್ತದೆ. ಸ್ಟೀಲಿನ ಕಮೋಡ್ ಚೇರ್ ಒಂದು ತರಿಸಿಕೊಳ್ಳಿ. ಅದರ ಕಾಲುಗಳ ಎತ್ತರ ಬದಲಿಸಬಹುದು, ಅಡಿಯ ಬಕೆಟ್ ತೆಗೆದರೆ ದೇಸಿ ಪಾಯಿಖಾನೆಯ ಮೇಲೆ ಇಡಬಹುದು, ಸ್ನಾನಕ್ಕೂ ಅದೇ ಆಗುತ್ತದೆ. ತರುವಾಗ ಪಕ್ಕದಲ್ಲಿ ಕೈ ಊರುವ ಹಿಡಿ ಇದೆಯೇ, ಕಾಲಿಗೆ ರಬ್ಬರ್ ಬುಡ ಇದೆಯೇ ನೋಡಿ.

ಕೂರುವ ಬಗೆ: ಬೆನ್ನು ಮಾಡಿ ಹಿಂದೆ ಹಿಂದೆ ಹೋಗಿ, ಮೀನಖಂಡಕ್ಕೆ ಕುರ್ಚಿ ತಾಗಬೇಕು. ಆಪರೇಷನ್ ಆದ ಕಾಲನ್ನು ಸ್ವಲ್ಪ ಮುಂದೆ ಚಾಚಿ, ಒಂದು ಕೈ ಕುರ್ಚಿಯ ಹಿಡಿಗೆ, ಆಮೇಲೆ ಇನ್ನೊಂದು, ನಿಧಾನ ಇಳಿಯಿರಿ. ಏಳುವಾಗ ಅದೇ ಹಿಡಿ ಒತ್ತಿ ಎದ್ದು, ನಿಂತ ಮೇಲೆ ವಾಕರ್ ಹಿಡಿಯಿರಿ. ವಾಕರನ್ನು ಹಿಡಿದು ಎಳೆದು ಎದ್ದರೆ ಅದು ನಿಮ್ಮ ಮೈಮೇಲೇ ಬರುತ್ತದೆ.

ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸುವುದಾದರೆ ನೆಲದಿಂದ ಎರಡೂಮುಕ್ಕಾಲರಿಂದ ಮೂರು ಅಡಿ ಎತ್ತರ ಸರಿ. ಟೈಲ್ಸಿಗೆ ಮಾತ್ರ ಸ್ಕ್ರೂ ಹೊಡೆದು ಹೋದರೆ ಒಂದು ದಿನ ಕಿತ್ತು ಕೈಗೆ ಬರುತ್ತದೆ. ಟೈಲ್ಸ್ ಹಿಂದಿನ ಇಟ್ಟಿಗೆಗೋ ಕಲ್ಲಿಗೋ ಆಂಕರ್ ಬೋಲ್ಟ್ ಕೂರಿಸಬೇಕು. ಹಾಕಿದ ಮೇಲೆ ಮಗನಿಗೆ ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಲು ಹೇಳಿ. ಟವೆಲ್ ಹಾಕುವ ಸರಳು, ನಲ್ಲಿ, ಬಕೆಟ್ ಅಂಚು, ಇವು ಯಾವುವೂ ಆಸರೆ ಅಲ್ಲ. ನೆಲದ ಪಾಚಿ, ಸೋಪಿನ ಜಿಡ್ಡು ವಾರಕ್ಕೆರಡು ಸಲ ಉಜ್ಜಿಸಿ. ಬಾಗಿಲಿನ ಅಗುಳಿ ಹಾಕಬೇಡಿ, ಮರೆ ಮಾಡಿಕೊಂಡರೆ ಸಾಕು. ಸೊಸೆ ಮೊದಲ ವಾರ ಒಳಗೆ, ಎರಡನೇ ವಾರ ಬಾಗಿಲ ಹೊರಗೆ, ಮೂರನೇ ವಾರ ಕೂಗಿದರೆ ಕೇಳುವಷ್ಟು ದೂರದಲ್ಲಿ. ಹೀಗೆ ಒಂದೊಂದೇ ಹೆಜ್ಜೆ ದೂರ ಸರಿಯಲಿ. ಒಂದೇ ದಿನ ಕೈಬಿಟ್ಟರೆ ಹೆದರಿಕೆ ಇಮ್ಮಡಿಯಾಗುತ್ತದೆ.

ರಾತ್ರಿ ಬಚ್ಚಲಿಗೆ ಏಳುವುದಿದ್ದರೆ ಹಾಸಿಗೆಯ ಮೇಲೆ ಒಂದೆರಡು ನಿಮಿಷ ಕೂತು, ಹಿಮ್ಮಡಿ ಮೇಲೆ ಕೆಳಗೆ ಹತ್ತು ಸಲ ಆಡಿಸಿ ಆಮೇಲೆ ನಿಲ್ಲಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ಮಲಗಿದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್ ಒಂದನ್ನು ಹಾಸಿಗೆಯಿಂದ ಬಚ್ಚಲಿನ ದಾರಿಯಲ್ಲಿ ಹಾಕಿಸಿ.

ಇನ್ನು ಬೀದಿ. ಇದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಪ್ರತಿ ಸಲ ಹೋಗಿ ಬಂದ ಮೇಲೆ ಎಷ್ಟಾಣೆ ಹೆದರಿಕೆ ಆಯಿತು ಎಂದು ನೀವೇ ಹೇಳಿ. ಹದಿನಾರಾಣೆ ಅಂದರೆ ಜೀವವೇ ಹೋದ ಹಾಗೆ, ನಾಲ್ಕಾಣೆ ಅಂದರೆ ಸ್ವಲ್ಪ ಅಳುಕು. ಮೊಮ್ಮಗ ಅದನ್ನು ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಬರೆಯಲಿ. ಒಂದೇ ದೂರಕ್ಕೆ ಮೂರು ದಿನ ಸತತವಾಗಿ ನಾಲ್ಕಾಣೆ ಬಂದರೆ ಮುಂದಿನ ದೂರ, ಬರದಿದ್ದರೆ ಅದೇ ದೂರ. ಮೊದಲು ಜಗಲಿಯ ತನಕ, ಆಮೇಲೆ ಅಂಗಳದ ಕೊನೆ, ಆಮೇಲೆ ಪಕ್ಕದ ಮನೆಯ ಜಗಲಿ. ವಾಪಸ್ ಬರುವ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೂರು ಮೀಟರಿನ ಡೈರಿ ಅಂದರೆ ನಾನೂರು ಮೀಟರು. ದಾರಿಯಲ್ಲಿ ಕೂರಲು ಎರಡು ಕಡೆಯಾದರೂ ಎತ್ತರದ ಜಗಲಿ ಗೊತ್ತುಮಾಡಿಕೊಳ್ಳಿ.

ಮನೆ ಮುಂದಿನ ಮೆಟ್ಟಿಲು ತೊಂದರೆಯಾದರೆ ಇಳಿಜಾರು ಕಟ್ಟಿಸಬಹುದು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ಆರು ಇಂಚಿನ ಮೆಟ್ಟಿಲಿಗೆ ಆರಡಿ. ಜಾಗ ಇಲ್ಲವೆಂದು ಎರಡಡಿಯಲ್ಲಿ ಮುಗಿಸಿದರೆ ಅದು ಮೆಟ್ಟಿಲಿಗಿಂತ ಕೆಟ್ಟದ್ದು. ಮೇಲ್ಮೈಯನ್ನು ಪೊರಕೆ ಎಳೆದು ಒರಟು ಮಾಡಿಸಿ. ಚರಂಡಿ ದಾಟುವಾಗ ಎರಡು ಚಪ್ಪಡಿಗಳ ಸಂದಿನಲ್ಲಿ ವಾಕರಿನ ಬುಡ ಸಿಕ್ಕಿಕೊಳ್ಳುತ್ತದೆ, ನಾಲ್ಕೂ ಕಾಲು ಒಂದೇ ಚಪ್ಪಡಿಯ ಮೇಲೆ ಇಟ್ಟು ದಾಟಿ. ನಾಲ್ಕು ಚಕ್ರದ ವಾಕರ್ ತಂದುಕೊಡುತ್ತೇವೆ ಎಂದು ಯಾರಾದರೂ ಅಂದರೆ ಈಗ ಬೇಡ ಅನ್ನಿ. ಹಳ್ಳಿಯ ಜಲ್ಲಿ, ಇಳಿಜಾರಿನಲ್ಲಿ ಕೈಯ ಮೇಲೆ ಭಾರ ಹಾಕುವವರಿಗೆ ಅದು ಮುಂದಕ್ಕೆ ಓಡಿಬಿಡುತ್ತದೆ.

ಮೊದಲ ವಾರಗಳಲ್ಲಿ ಹಾಲು ಹಾಕುವ ಹೊತ್ತಿಗೆ ಡೈರಿಗೆ ಹೋಗಬೇಡಿ. ಆ ಹೊತ್ತಿಗೆ ಬೈಕು, ಕ್ಯಾನು, ನಾಯಿ ಎಲ್ಲ ಒಟ್ಟಿಗೆ ಇರುತ್ತವೆ, ಡೈರಿ ಮುಂದಿನ ಸಿಮೆಂಟು ನೆಲ ಚೆಲ್ಲಿದ ಹಾಲು ನೀರಿನಿಂದ ಜಾರುತ್ತದೆ. ದಾರಿ ಕಾಲಿಗೆ ಅಭ್ಯಾಸವಾದ ಮೇಲೆ ಜನರ ನಡುವೆ ಹೋಗುವುದು. "ಏನಮ್ಮಾ, ಹೆಂಗಿದ್ದೀಯಾ?" ಎಂದು ಯಾರಾದರೂ ಕೂಗಿದಾಗ ನಡೆಯುತ್ತಲೇ ಉತ್ತರ ಕೊಡಬೇಡಿ. ನಿಲ್ಲಿ, ನಾಲ್ಕೂ ಬುಡ ಊರಿದೆಯೇ ನೋಡಿ, ಆಮೇಲೆ ಮುಖವೆತ್ತಿ ಮಾತಾಡಿ. ನಡಿಗೆಗೆ ಗಮನ ಹೆಚ್ಚು ಬೇಕಾಗುವವರಿಗೆ ಮಾತು ಮತ್ತು ಹೆಜ್ಜೆ ಎರಡೂ ಒಟ್ಟಿಗೆ ಸಾಗುವುದಿಲ್ಲ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರನ್ನು ಗಮನಿಸಿದಾಗ, ಮಾತು ಶುರುವಾದ ಕೂಡಲೇ ನಡಿಗೆ ನಿಂತುಹೋಗುತ್ತಿದ್ದವರಲ್ಲಿ ಹೆಚ್ಚಿನವರು ಮುಂದಿನ ಆರು ತಿಂಗಳಲ್ಲಿ ಬಿದ್ದಿದ್ದರು. ನಾಚಿಕೆಗೂ ಇದೇ ಮದ್ದು. ಜನ ಕೇಳಿಯೇ ಕೇಳುತ್ತಾರೆ. "ಆಪರೇಷನ್ ಆಯ್ತು, ಈಗ ಇದು ಹಿಡ್ಕೊಂಡು ನಡೀತಿದ್ದೀನಿ" ಎಂಬ ಒಂದು ಮಾತನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ. ಎರಡನೇ ವಾರಕ್ಕೆ ಯಾರೂ ಕೇಳುವುದಿಲ್ಲ.

ಕಾಲಿನ ಬಲಕ್ಕೆ ದಿನಕ್ಕೆ ಎರಡು ಹೊತ್ತು ಇಷ್ಟು ಸಾಕು: ಎತ್ತರದ ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಅದೇ ಕಟ್ಟೆ ಹಿಡಿದು ಒಂದೊಂದೇ ಕಾಲನ್ನು ಪಕ್ಕಕ್ಕೆ ಸರಿಸುವುದು ಹತ್ತು ಸಲ. ಮುದ್ದೆಯ ಜೊತೆ ಕಾಳಿನ ಸಾರು, ಮೊಟ್ಟೆ, ಹಾಲು ಇರಲಿ, ಮೂಳೆಗೆ ರಾಗಿ ಒಳ್ಳೆಯದಾದರೂ ಸ್ನಾಯುವಿಗೆ ಅದೊಂದೇ ಸಾಲದು. ಒಮ್ಮೆ ಮೂಳೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಹೆಚ್ಚು, ಮೂಳೆ ಗಟ್ಟಿಯಾಗಲು ಚಿಕಿತ್ಸೆ ಬೇಕೇ ಎಂದು ಮುಂದಿನ ಭೇಟಿಯಲ್ಲಿ ಕೇಳಲೇಬೇಕು. ಹದಿನೈದು ದಿನಕ್ಕೊಮ್ಮೆ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಆಯಿತು ಎಂದು ಮೊಮ್ಮಗ ಮೊಬೈಲಿನಲ್ಲಿ ನೋಡಲಿ. ಹಿಂದಿನ ಸಲಕ್ಕಿಂತ ಕಡಿಮೆಯಾಯಿತೇ ಅನ್ನುವುದಷ್ಟೇ ಮುಖ್ಯ, ಓಡಬೇಡಿ.

ನಿಮ್ಮ ಭಾಗಕ್ಕೆ ಸೇರಿದ ಒಂದು ವಿಷಯ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲೂ ತುಮಕೂರಿನ ಪಾವಗಡದ ಕಡೆಯೂ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ವರ್ಷಗಟ್ಟಲೆ ಆ ನೀರು ಕುಡಿದವರಲ್ಲಿ ಕತ್ತು, ಬೆನ್ನು ಬಿಗಿದು ತಲೆ ಬಗ್ಗಿಸಿ ಹೊಸಿಲು ನೋಡುವುದೇ ಕಷ್ಟವಾಗಬಹುದು. ನಿಮಗೂ ಹಾಗಿದ್ದರೆ ಹೊಸಿಲಿಗೆ ಮೂರು ಹೆಜ್ಜೆ ಮೊದಲೇ ನಿಂತು ನೋಡಿಕೊಳ್ಳಿ. ಕಾಲುಗಳು ಬರಬರುತ್ತಾ ಸೆಡೆತುಕೊಂಡರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ವಯಸ್ಸಿನದು ಅಂದುಕೊಳ್ಳದೆ ಬೇಗ ತೋರಿಸಬೇಕು.

ಬಿದ್ದರೆ? ಅದನ್ನೂ ಮೊದಲೇ ತಿಳಿದುಕೊಂಡಿದ್ದರೆ ಹೆದರಿಕೆ ಕಡಿಮೆ. ಒಂದು ನಿಮಿಷ ಹಾಗೇ ಮಲಗಿರಿ. ಸೊಂಟ ಅಥವಾ ತೊಡೆಸಂದಿನಲ್ಲಿ ಜೋರು ನೋವಿದ್ದರೆ, ಕಾಲು ಗಿಡ್ಡವಾಗಿಯೋ ತಿರುಚಿಕೊಂಡೋ ಕಂಡರೆ ಏಳಿಸಲು ಯಾರಿಗೂ ಬಿಡಬೇಡಿ, 108ಕ್ಕೆ ಫೋನ್ ಮಾಡಿಸಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ಆಗಿಲ್ಲ ಅನ್ನಿಸಿದರೂ ಬಾಲ್ ಹಾಕಿದ ಕಾಲನ್ನು ಮಡಚಿಕೊಂಡು ಒಬ್ಬರೇ ಏಳುವ ಸಾಹಸ ಬೇಡ, ಇಬ್ಬರು ಬರುವ ತನಕ ಕಾಯಿರಿ. ಅದಕ್ಕೇ ಮೊಬೈಲು ಕುತ್ತಿಗೆಯ ಚೀಲದಲ್ಲಿ ಯಾವಾಗಲೂ ಇರಬೇಕು. ಊಟ ನಿದ್ದೆ ಎರಡೂ ಕೆಟ್ಟು, ಯಾರೊಂದಿಗೂ ಮಾತು ಬೇಡ ಅನ್ನಿಸುವುದು ಎರಡು ವಾರ ದಾಟಿದರೆ ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವಾಕರ್ ಸವೆದು ಬದಲಿಸಬೇಕಾಗಿ ಬಂದರೆ, 60 ದಾಟಿದ ಬಿಪಿಎಲ್ ಕುಟುಂಬದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಶಿಬಿರ ಯಾವಾಗ ಎಂದು ವಿಚಾರಿಸಿ ಹೇಳುತ್ತಾರೆ.

ಕೊನೆಗೆ ಹಾಲಿನ ವಿಚಾರ. ಕ್ಯಾನನ್ನು ವಾಕರಿಗೆ ನೇತುಹಾಕುವ ಯೋಚನೆ ಬೇಡ. ಐದು ಲೀಟರ್ ಹಾಲು ಅಂದರೆ ಐದು ಕೆ.ಜಿ.ಗಿಂತ ಹೆಚ್ಚು, ವಾಕರೇ ಮೂರು ಕೆ.ಜಿ. ಆಸುಪಾಸು ಇರುತ್ತದೆ, ಪ್ರತಿ ಹೆಜ್ಜೆಗೂ ಅದು ಒಂದು ಪಕ್ಕಕ್ಕೆ ಎಳೆಯುತ್ತದೆ. ವಾಕರಿನ ಮುಂದಿನ ಅಡ್ಡಪಟ್ಟಿಯ ನಡುವೆ ಒಂದು ಬಟ್ಟೆಯ ಚೀಲ ಕಟ್ಟಿಸಿ, ಒಳಗಿನ ಸಾಮಾನು ಅರ್ಧ ಕೆ.ಜಿ. ಮೀರದಿರಲಿ. ಹಾಲಿನ ಕ್ಯಾನು ಸೊಸೆ ಹಿಡಿದು ಬರಲಿ. ಡೈರಿಯ ಪಾಸ್‌ಬುಕ್ಕು ನಿಮ್ಮ ಚೀಲದಲ್ಲಿರಲಿ, ಫ್ಯಾಟ್ ಎಷ್ಟು ಬಂತೆಂದು ನೀವೇ ನೋಡಿ ಬರೆಸಿಕೊಂಡು ಬನ್ನಿ.